ಒಳಗಿನದು ಮೊದಲು

“ಮೊದಲು ಒಳಗಿನ ಬ್ರ್ಯಾಕೆಟ್ ಬಿಡಿಸ್ಬೇಕು” ಎಂದಳು ಟೆಸ್. ಹನ್ನೊಂದರ ಮಗಳ ಬಾಯಲ್ಲಿ ಆ ಪದ ಕೇಳಿದ್ದೇ ತಡ, ಡ್ಯಾರಿಲ್‌ಗೆ ರೇಗಿತು.

“ಬ್ರ್ಯಾಕೆಟ್ ಅಲ್ಲ, ಪೆರೆಂಥಿಸಿಸ್. ನಮ್ಮ ಅಮೆರಿಕದಲ್ಲಿ ಹಾಗೇ ಅಲ್ವಾ ಹೇಳೋದು?”

“ಗೋರ್ಡಿ ಬ್ರ್ಯಾಕೆಟ್ ಅಂತಾರೆ. ಹೇಳೋಕೂ ಸುಲಭ.”

ಗೋರ್ಡಿ ನದಿಯಾಚೆಯ ಕೆನಡಾದವನು. ಡ್ಯಾರಿಲ್‌ನನ್ನು ಬಿಟ್ಟುಹೋದ ಹೆಂಡತಿ ಈಗ ಅವನ ಹೆಂಡತಿ. ವಾರವಿಡೀ ಟೆಸ್ ಅವರ ಮನೆಯಲ್ಲಿ. ಭಾನುವಾರ ಮಾತ್ರ ಡೆಟ್ರಾಯಿಟ್‌ನ ಈ ಪುಟ್ಟ ಬಾಡಿಗೆ ಮನೆಯಲ್ಲಿ, ಅದೂ ಸಂಜೆ ಐದರವರೆಗೆ. ಹೆಂಡತಿ ಹೋದದ್ದನ್ನು ಡ್ಯಾರಿಲ್ ಹೇಗೋ ನುಂಗಿಕೊಂಡಿದ್ದ. ಮಗಳ ನಾಲಿಗೆಯ ಮೇಲೂ ಅವನೇ ಬಂದು ಕೂತದ್ದನ್ನು ಮಾತ್ರ ನುಂಗಲಾಗಲಿಲ್ಲ.

“ಕೊಡಿಲ್ಲಿ, ನಾನು ಮಾಡಿ ತೋರಿಸ್ತೀನಿ” ಎಂದು ಮಕರೋನಿ ತಟ್ಟೆ ಅತ್ತ ಸರಿಸಿ ಪೆನ್ಸಿಲ್ ಕಿತ್ತುಕೊಂಡ.

48 ÷ (2 × (7 − (1 + 2))) × 3

ಒಂದೂ ಎರಡೂ ಸೇರಿ ಮೂರು. ಏಳರಲ್ಲಿ ಮೂರು ಹೋದರೆ ನಾಲ್ಕು. ಎರಡು ನಾಲ್ಕಲಿ ಎಂಟು. ಉಳಿದದ್ದು 48 ÷ 8 × 3. ಡ್ಯಾರಿಲ್ ಎಂಟನ್ನು ಮೂರರಿಂದ ಗುಣಿಸಿ ಇಪ್ಪತ್ನಾಲ್ಕು ಮಾಡಿ, ಅದರಿಂದ ನಲವತ್ತೆಂಟನ್ನು ಭಾಗಿಸಿ, ‘2’ ಎಂದು ಒತ್ತಿ ಬರೆದ.

“ಎರಡಲ್ಲ ಅಪ್ಪಾ, ಹದಿನೆಂಟು.”

“ಏನು ಹದಿನೆಂಟು? ‘ನನ್ನ ಪ್ರೀತಿಯ ಸ್ಯಾಲಿ ಚಿಕ್ಕಮ್ಮನ್ನ ದಯವಿಟ್ಟು ಕ್ಷಮಿಸಿ’ ಅಂತ ನಾವೆಲ್ಲ ಉರು ಹೊಡೆದದ್ದು ಸುಮ್ಮನೇನಾ? ಲೆಕ್ಕದ ಕ್ರಮ ನೆನಪಿಡೋಕೆ ಇರೋ ಆ ಇಂಗ್ಲಿಷ್ ಸಾಲಿನ ಪದಗಳ ಮೊದಲಕ್ಷರ ನೋಡು, ಗುಣಾಕಾರದ ‘ಎಂ’ ಮೊದಲು, ಭಾಗಾಕಾರದ ‘ಡಿ’ ಆಮೇಲೆ!”

“ಅವೆರಡೂ ಸಮ. ಎಡಗಡೆಯಿಂದ ಯಾವುದು ಮೊದಲು ಸಿಗುತ್ತೋ ಅದನ್ನ ಮಾಡ್ಬೇಕು.”

“ಇದನ್ನೂ ಅವನೇ ಹೇಳಿಕೊಟ್ನಾ?”

“ಹೂಂ. ಅವರ ಕಡೆ ಕಲಿಸೋ ಸೂತ್ರದಲ್ಲಿ ಭಾಗಾಕಾರದ ಅಕ್ಷರಾನೇ ಮೊದಲಂತೆ. ಈಚೆ ಕಡೆಯೋರು ತಪ್ಪಿದ್ರೆ ಅದು ಅವರ ತಪ್ಪಲ್ಲ, ಸ್ಯಾಲಿ ಚಿಕ್ಕಮ್ಮಂದು ಅಂತಾರೆ.”

ಪುಸ್ತಕದ ಕೊನೆಯ ಪುಟದಲ್ಲೂ ಹದಿನೆಂಟೇ ಇತ್ತು. ಬೈಯಲೂ ಎಡೆಗೊಡದ ಗೋರ್ಡಿಯ ಮೇಲೆ ಡ್ಯಾರಿಲ್‌ನ ಹೊಟ್ಟೆ ಉರಿಯಿತು.

“ಸರಿ, ನಿನ್ನ ಬ್ರ್ಯಾಕೆಟ್ ಪಂಡಿತ ಏನಂತಾನೆ? ಹೊರಗೆ ಉಳಿದದ್ದರ ಗತಿ?”

“ಕಾಯ್ಬೇಕು ಅಷ್ಟೇ. ಒಳಗಿನದು ಮುಗಿಯೋವರೆಗೂ ಹೊರಗಿನದನ್ನ ಮುಟ್ಟೋ ಹಾಗಿಲ್ಲ.”

ಆ ಮನೆಯಲ್ಲಿ ಅವರು ಮೂವರು ಒಳಗೆ, ತಾನೊಬ್ಬ ಹೊರಗೆ. ಡ್ಯಾರಿಲ್ ಎದ್ದು ಕಿಟಕಿಗೆ ಹೋದ. ಕೆಳಗೆ ಬೀದಿಯಲ್ಲಿ ಗೋರ್ಡಿಯ ಕಾರು ಆಗಲೇ ನಿಂತಿತ್ತು.

“ಇನ್ನೂ ಐದಾಗಿಲ್ಲ! ಅಷ್ಟರಲ್ಲೇ ನಿನ್ನ ಎಳ್ಕೊಂಡು ಹೋಗೋಕೆ ಬಂದ್ಬಿಟ್ನಾ?”

“ಯಾವಾಗಲೂ ಬೇಗನೇ ಬರ್ತಾರೆ” ಎಂದಳು ಟೆಸ್ ತಲೆಯೆತ್ತದೆ. “ಆದ್ರೆ ಹಾರ್ನ್ ಹೊಡೆಯಲ್ಲ, ಮೇಲೂ ಬರಲ್ಲ. ಒಳಗಿನದು ಮೊದಲು ಮುಗೀಲಿ ಅಂತಾರೆ.”

ಕಾರಿನ ಗಾಜಿನ ಅಂಚಿಗೆ ಹಿಮ ಕಟ್ಟಿತ್ತು. ಅದರ ಹಿಂದೆ ಗೋರ್ಡಿ ಅಂಗೈ ಉಜ್ಜಿಕೊಳ್ಳುತ್ತಿದ್ದ. ಮೇಲೆ ಕರೆದು ಒಂದು ಲೋಟ ಕಾಫಿ ಕೊಡೋಣವೇ ಎಂದು ಡ್ಯಾರಿಲ್‌ಗೆ ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಯೇ, ಹೀಗೆ ಚಳಿಯಲ್ಲಿ ಕಾಯುವ ಒಳ್ಳೆಯತನವೂ ಅವನ ಪಾಲಿಗೇ ಹೋಯಿತಲ್ಲ ಎಂದು ಹೊಟ್ಟೆ ಇನ್ನಷ್ಟು ಉರಿಯಿತು. ಪರದೆ ಎಳೆದು ಬಂದು ಮಗಳ ಪಕ್ಕ ಕೂತ.

“ಇನ್ನೊಂದು ಲೆಕ್ಕ ತೆಗಿ ಟೆಸ್” ಎಂದ. “ಬ್ರ್ಯಾಕೆಟ್ ಜಾಸ್ತಿ ಇರೋದು.”