ಅಮ್ಮನ ಪಾಲಿನ ಎಣ್ಣೆ

ನಡುರಾತ್ರಿ ಅಡುಗೆಮನೆಯಲ್ಲಿ ಟಿಕ್ ಎಂದಿತು. ತೆಂಗಿನೆಣ್ಣೆಯ ಡಬ್ಬಿ ತನ್ನ ಪರದೆಯಲ್ಲಿ ನಾಳೆಯ ಅಳತೆ ತೋರಿಸುವ ಹೊತ್ತು. ಆರೋಗ್ಯಕ್ಕೆ ಯಾರು ದಿನಕ್ಕೆಷ್ಟು ಎಣ್ಣೆ ತಿನ್ನಬೇಕೆಂದು ಎಲ್ಲರ ಮನೆಯಲ್ಲೂ ಅದೇ ನಿರ್ಧರಿಸುತ್ತದೆ. ಆ ಸದ್ದಿಗೆ ನನಗೆ ದಿನವೂ ಎಚ್ಚರವಾಗುತ್ತದೆ. ಎದ್ದು ನೋಡಿದೆ. ನನಗೆ ಎರಡು ಚಮಚ. ಆರು ವರ್ಷದಿಂದ ಅರ್ಧ ಚಮಚವೇ ಇದ್ದ ಅಮ್ಮನ ಹೆಸರಿನ ಮುಂದೆ ‘ಮಿತಿ ಇಲ್ಲ’ ಎಂದಿತ್ತು.

ಪಕ್ಕದ ಮನೆಯ ವಾರಿಜಕ್ಕನ ಅತ್ತೆಗೂ ಹೀಗೇ ಬಂದಿತ್ತು; ಅದನ್ನು ವಾರಿಜಕ್ಕ ನನಗೆ ಮಾತ್ರ ಹೇಳಿದ್ದರು. ಇನ್ನು ಪಥ್ಯ ಮಾಡಿ ಪ್ರಯೋಜನವಿಲ್ಲದವರಿಗೆ ಮಾತ್ರ ಹಾಗೆ ಬರುತ್ತದೆ. ನಾಲ್ಕನೆಯ ದಿನ ಆ ಅತ್ತೆ ತೀರಿಕೊಂಡರು.

ಆ ಅಕ್ಷರಗಳು ಕಾಣದಂತೆ ಕೈವಸ್ತ್ರ ಹೊದಿಸಿದೆ.

ಬೆಳಿಗ್ಗೆ ಅಮ್ಮ ಗಂಜಿಯ ಬಟ್ಟಲನ್ನು ಡಬ್ಬಿಯ ಕೆಳಗೆ ಹಿಡಿದು ಅದರ ಗುಂಡಿಗೆ ಬೆರಳೊತ್ತಿದರು. ಎಣ್ಣೆ ಸುರಿಯಿತು, ಅವರೇ ಬೆರಳು ತೆಗೆಯುವ ತನಕ ನಿಲ್ಲಲಿಲ್ಲ.

“ಎಂತ ಮಾರಾಯ್ತಿ, ಈ ಜಿಪುಣನಿಗೆ ಇವತ್ತು ಬುದ್ಧಿ ಬಂತಾ?”

“ನಿಮಗೆ ಗುಣ ಆಯ್ತಲ್ಲ ಅಮ್ಮ, ಅದಕ್ಕೆ.”

“ನಾನು ಹೇಳ್ಲಿಲ್ವಾ? ನಿನಗೇ ಸುಮ್ಮನೆ ಹೆದರಿಕೆ.” ಅಮ್ಮ ಉಪ್ಪು ಹಾಕಿ ಕಲಸಿ ಉಂಡರು. ಗಲ್ಲದ ಮೇಲೆ ಎಣ್ಣೆ ಇಳಿಯಿತು. “ವಾರಿಜನಿಗೆ ಹೇಳು. ಅವಳಿಗೂ ಖುಷಿಯಾಗ್ಲಿ.”

“ಹೇಳ್ತೇನೆ” ಎಂದೆ.

ಸೆರಗಿನಿಂದ ಅವರ ಗಲ್ಲ ಒರೆಸಿದೆ. ವಾರಿಜಕ್ಕನಿಗೆ ಮಾತ್ರವಲ್ಲ, ಯಾರಿಗೂ ಹೇಳಬಾರದೆಂದು ಅಷ್ಟರಲ್ಲಿ ತೀರ್ಮಾನಿಸಿಯಾಗಿತ್ತು.