ಮಣ್ಣಿನೊಳಗಿನ ಪ್ರಶ್ನೆ

ಶೇಂಗಾ ಕೀಳುವ ಸುಗ್ಗಿ. ಮೊಳಕಾಲ್ಮೂರಿನ ಸುತ್ತ ಹೊಲಹೊಲದಲ್ಲೂ ಬಗ್ಗಿದ ಬೆನ್ನುಗಳೇ. ಹೀಗಾಗಿ ಮಾರ್ತಮ್ಮನ ಮಣ್ಣಿಗೆ ಬಂದವರು ಐದಾರು ಜನ. ಅವರೂ ಕೈಗೆ ಮೆತ್ತಿದ ಕೆಂಪು ಮಣ್ಣು ತೊಳೆಯದೆ ಬಂದವರು. ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಕರೆಸಿದ್ದ ಪಾಸ್ಟರು ಪ್ರಾರ್ಥನೆ ಮುಗಿಸಿ ಚಳ್ಳಕೆರೆ ಬಸ್ಸಿಗೆ ಹೊರಟರು, ಉಳಿದವರು ಹೊಲಕ್ಕೆ. ಗುಡ್ಡದ ಬುಡದ ಆ ಬಯಲಲ್ಲಿ ನಿಂತವರು ಇಬ್ಬರೇ: ಗಂಡ ಚಿತ್ತಪ್ಪ, ಗುಂಡಿ ತೋಡಿದ ಶೇಕ್ಷಾವಲಿ.

ಶೇಕ್ಷಾವಲಿ ಮೀಸೆ ಮೂಡಿದಾಗಿನಿಂದ ತಮ್ಮವರ ಖಬರಸ್ತಾನದಲ್ಲಿ ಗುಂಡಿ ತೋಡುತ್ತಿದ್ದವನು. ಗೆಳೆಯ ಕರೆದನೆಂದು ಇಲ್ಲಿಗೂ ಗುದ್ದಲಿ ತಂದಿದ್ದ. ಜನ ಮರೆಯಾಗುತ್ತಲೇ, ಹಳೆಯ ರೂಢಿ ಅವನಿಗೆ ತಿಳಿಯದಂತೆ ಅವನನ್ನು ತಲೆದೆಸೆಗೆ ಕೂರಿಸಿತು. ಮಣ್ಣಿನ ಹತ್ತಿರಕ್ಕೆ ಬಾಗಿ, “ಹೆದರಬ್ಯಾಡ. ನಿನ್ನ ಒಡೆಯ ಯಾರು ಅಂತ ಕೇಳ್ತಾರೆ. ಅಲ್ಲಾಹ್ ಅಂತ...” ಎಂದವನು ನಾಲಿಗೆ ಕಚ್ಚಿಕೊಂಡ.

“ಏನ್ಲೇ ಶೇಕು, ಯಾರ ಜೊತೆ ಮಾತು?”

“ತಪ್ಪಾತು ಚಿತ್ತಪ್ಪ, ಬಾಯಿ ತಡೀಲಿಲ್ಲ. ಜನ ಹೋದ ಮ್ಯಾಲೆ ಇಬ್ಬರು ಫರಿಷ್ತೆ, ನಿಮ್ಮ ದೇವದೂತರ ಹಂಗೆ, ಬಂದು ಎಬ್ಬಿಸಿ ಕೂರಿಸ್ತಾರೆ. ಪ್ರಶ್ನೆ ಹಾಕ್ತಾರೆ. ನಾವು ಹೇಳಿಕೊಡಬೋದು, ಆದ್ರೆ ಉತ್ತರ ಅವರವರೇ ಕೊಡಬೇಕು. ಇಲ್ಲಿ ಹೆಂಗೆ ಬಾಳಿದ್ರೋ ಅದೇ ಅಲ್ಲಿ ಬಾಯಿಗೆ ಬರೋದು. ನಮಗೆ ಈಮಾನ್, ನಂಬಿಕೆ, ಅಂದ್ರೆ ಅದೇ.”

“ಹಂಗಾದ್ರೆ ಇವಳು ಕೆಟ್ಟಳು ಬಿಡು,” ಚಿತ್ತಪ್ಪ ನಗಲು ನೋಡಿದ. “ಹುಟ್ಟು ಮೂಗಿ. ಆ ಕತ್ತಲಾಗೆ ಕೈಸನ್ನೆ ಮಾಡಿದ್ರೆ ಯಾರಿಗೆ ಕಾಣ್ತೈತೆ?” ಅಂಗೈಲಿ ಮುಖ ಒರೆಸಿಕೊಂಡ. “ನಮ್ಮಲ್ಲಿ ಹಂಗಲ್ಲ ಕಣೋ. ನಮ್ಮ ಪಾಲಿನ ಉತ್ತರ ಯೇಸುಸ್ವಾಮಿನೇ ಕೊಟ್ಟು ಮುಗಿಸಿದಾನೆ ಅಂತಾರೆ ಪಾಸ್ಟರು. ನಾವು ನಂಬಿ ಅವನ ಕೈ ಹಿಡಿದ್ರೆ ಸಾಕು.”

“ಅವಳೂ ಹಿಡಿದಿದ್ಳಲ್ಲ. ಮತ್ಯಾಕೆ ನಿನ್ನ ಮುಖ ಹಂಗೆ ಬಾಡೈತೆ?”

ಚಿತ್ತಪ್ಪ ಹೆಂಟೆಯೊಂದನ್ನು ಬೆರಳಲ್ಲಿ ಪುಡಿ ಮಾಡುತ್ತಾ ಕೂತ. “ದೀಕ್ಷಾಸ್ನಾನದ ದಿನ ಪಾಸ್ಟರು ನಂಬ್ತೀಯೇನಮ್ಮ ಅಂದ್ರು. ತಲೆ ಆಡಿಸಲಿಲ್ಲ. ಸುಮ್ನೆ ನನ್ನ ಮುಖ ನೋಡಿದ್ಳು. ನಾನೇ ‘ನಂಬ್ತಾಳೆ’ ಅಂದುಬಿಟ್ಟೆ. ಅವಳು ಹಿಡಿದಿದ್ದು ಸ್ವಾಮಿ ಕೈನೋ, ನನ್ನ ಕೈನೋ... ಇಷ್ಟು ವರ್ಷ ವಿಚಾರಿಸಲೇ ಇಲ್ಲ.”

ಶೇಕ್ಷಾವಲಿ ಗುದ್ದಲಿ ಕೈಗೆತ್ತಿಕೊಂಡ. “ಈಗಾದ್ರೂ ವಿಚಾರಿಸು. ಎದೆ ಹಗುರಾಗ್ತೈತೆ,” ಎಂದು ಎದ್ದ. ಗಂಡಹೆಂಡಿರ ನಡುವೆ ತಾನ್ಯಾಕೆ ಎಂದು ಬೆನ್ನು ತಿರುಗಿಸಿ ಗುದ್ದಲಿಯ ಮಣ್ಣು ಕೆರೆಯತೊಡಗಿದ.

ಉರಿಬಿಸಿಲು. ಎಲ್ಲಿಂದಲೋ ಬೀಸುತ್ತಿದ್ದ ಗಾಳಿ ನಿಂತಿತು. ಹೊಲದ ಕಡೆಯ ಕೂಗು, ರಸ್ತೆಯ ಲಾರಿ ಸದ್ದು, ಎಲ್ಲದರ ಮೇಲೂ ಯಾರೋ ಕಂಬಳಿ ಎಳೆದ ಹಾಗೆ ಅಡಗಿಹೋದವು. ಆಗ ಕೇಳಿಸಿತು, ಕಾಲಡಿಯಿಂದ. ನರಳಾಟವಲ್ಲ. ಒಲೆ ಮುಂದೆ ಕೂತ ಹೆಂಗಸು ಯಾರಿಗೋ ಓಗೊಟ್ಟ ಹಾಗೆ, ಸ್ವಲ್ಪ ನಾಚಿಕೆಯ, ತುಂಬುದನಿಯ ಒಂದೇ ಒಂದು “ಹೂಂ.”

ನಿನ್ನೆ ಬೆಳಗಿನಿಂದ ತಣ್ಣಗಾಗಿದ್ದ ಮೈ. ಪೆಟ್ಟಿಗೆಗೆ ಮೊಳೆ ಹೊಡೆದವನೂ ತಾನೇ. ಶೇಕ್ಷಾವಲಿಯ ಕೈಯಿಂದ ಗುದ್ದಲಿ ಜಾರಿತು. ತಿರುಗಿ ನೋಡಿದರೆ ಚಿತ್ತಪ್ಪ ಮಣ್ಣಿನ ಮೇಲೆ ಬಾಗಿದವನು ಬಾಗಿದಂತೆಯೇ ಇದ್ದ. ತಲೆದೆಸೆಯ ಮಣ್ಣು ಒಂದು ಹಿಡಿಯಷ್ಟು ಒಳಕ್ಕೆ ಕುಸಿದಿತ್ತು.

“ಚಿತ್ತಪ್ಪಾ,” ಶೇಕ್ಷಾವಲಿ ಉಸಿರಲ್ಲೇ ಅಂದ, “ನಿನಗೆ ಉತ್ತರ ಕೊಟ್ಟಳಲ್ಲೋ!”

ಚಿತ್ತಪ್ಪ ಮೆಲ್ಲಗೆ ಮುಖ ಎತ್ತಿದ.

“ನಾನಿನ್ನೂ ಬಾಯೇ ಬಿಟ್ಟಿಲ್ಲ, ಶೇಕು.”