ಗೋಡೆ ಪಕ್ಕದ ಶಿಲುಬೆ

ಅನಾಥಾಲಯದ ದೊಡ್ಡ ಸಿಸ್ಟರ್ ಅವನಿಗೆ ಇಬ್ಬರು ತಾಯಂದಿರನ್ನು ಕೊಟ್ಟಿದ್ದರು. ಒಬ್ಬರು ಅವನನ್ನು ಮಗನೆಂದು ಸ್ವೀಕರಿಸಿದ, ಚರ್ಚಿನೊಳಗಿನ ಮಾತೆ ಮರಿಯಮ್ಮ. ಇನ್ನೊಬ್ಬರು ಅವನನ್ನು ಹೆತ್ತು ತೀರಿಕೊಂಡವರು; ಅವರದು ಸ್ಮಶಾನದ ಗೋಡೆ ಪಕ್ಕದ, ಹೆಸರಿಲ್ಲದ ಶಿಲುಬೆಯ ಗೋರಿ.

ಪ್ರತಿ ವರ್ಷ ಮೃತರ ಸ್ಮರಣೆಯ ದಿನ ಬೆಳಿಗ್ಗೆಯೇ ಬಂದು ಮೇಣದಬತ್ತಿ ಹಚ್ಚುತ್ತಿದ್ದವನು ಈ ಸಲ ಸಂಜೆ ಬಂದ. ಗೋರಿಯ ಮುಂದೆ ಒಬ್ಬ ಹೆಂಗಸು ಕೂತು ಸೇವಂತಿಗೆ ಇಡುತ್ತಿದ್ದಳು.

"ಅಮ್ಮಾ, ನಿಮ್ಮದು ಇದಲ್ಲ ಅನ್ಸುತ್ತೆ. ಇದು ನಮ್ಮಮ್ಮನ ಗೋರಿ."

"ಇಲ್ಲಪ್ಪ, ನನ್ನ ಮಗೂದು. ಹುಟ್ಟಿದ ದಿನವೇ ಹೋಯ್ತು. ಮುಖಾನೂ ನೋಡ್ಲಿಲ್ಲ ನಾನು. ನಿಮ್ಮಮ್ಮಂದು ಅಂತ ಯಾರು ಹೇಳಿದ್ದು ನಿಂಗೆ?"

"ಅನಾಥಾಲಯದ ದೊಡ್ಡ ಸಿಸ್ಟರ್."

ಅವಳು ತಲೆಯೆತ್ತಿ ಅವನ ಮುಖವನ್ನೇ ನೋಡಿದಳು.

"ನಂಗೂ ಅವರೇ ತೋರ್ಸಿದ್ದು."